ಸಾಲು ಬಿಡದ ಕುದುರೆ

ಹೆಬಳೆ, ಭಾನುವಾರ, ನವೆಂಬರ್ ೧೬

ರಮಾನಂದನನ್ನು ರೆಜಿಮೆಂಟಿನಿಂದ ಕಿತ್ತುಹಾಕಿದರು.

ನೆಪೋಲಿಯನ್ ಕಾಲದ ಕುದುರೆ ಸವಾರರಾಗಿ ಆನ್‌ಲೈನ್ ಯುದ್ಧದ ಆಟವಾಡುವ ನಮಗೆ ನಿಯಮ ಒಂದೇ: ಕಹಳೆ ಊದುವ ತನಕ ಸಾಲು ಕದಲಬಾರದು. ಸಂಜೆ ನಲವತ್ತು ಕುದುರೆಗಳು ಗುಡ್ಡದ ಮರೆಯಲ್ಲಿ ನಿಂತಿದ್ದಾಗ, ಮೀನಿನವನು ಬೈಕಿನಲ್ಲಿ ನಮ್ಮ ಬಾಗಿಲಿಗೆ ಬಂದು ಪೋಂ ಎಂದು ಹಾರ್ನು ಹೊಡೆದ. ನಾನು ಮೈಕು ಬಂದ್ ಮಾಡಿರಲಿಲ್ಲ. ಅದನ್ನೇ ಕಹಳೆ ಎಂದುಕೊಂಡು ಎಲ್ಲರೂ ಫಿರಂಗಿಗಳ ಬಾಯಿಗೆ ನುಗ್ಗಿದರು. ನಾನೂ, ಗೊತ್ತಿದ್ದೂ, ಗುಂಪಿನ ಜೊತೆ ನುಗ್ಗಿದೆ. ರಮಾನಂದನ ಕುದುರೆ ಮಾತ್ರ ನಿಂತಲ್ಲೇ ನಿಂತಿತ್ತು. ಕರಾವಳಿಯವನಿಗೆ ಮೀನಿನ ಹಾರ್ನು ತಿಳಿಯದೇ?

ಹಾರ್ನು ಯಾರ ಮೈಕಿನದೆಂದು ಹುಡುಕಿದ, ನಮ್ಮ ರೆಜಿಮೆಂಟ್ ನಡೆಸುವ ಪೋಲೆಂಡಿನ ಕರ್ನಲ್‌ಗೆ ಅದೇ ಸಾಕ್ಷಿಯಾಯಿತು. ಶಬ್ದ ತನ್ನ ಮನೆಯದೆಂದು ಗೊತ್ತಿದ್ದವನು ಮಾತ್ರ ನಿಲ್ಲುತ್ತಾನಂತೆ. ನಾನು ಸಾರ್ಜೆಂಟ್, ರಮಾನಂದನನ್ನು ಸೇರಿಸಿದವನೂ ನಾನೇ. ಹಾರ್ನು ನಮ್ಮ ಮನೆಯದೆಂದು ಬಾಯಿ ಬಿಡಲಿಲ್ಲ. ಥೂ.

ಅವನ ಮನೆ ತದಡಿ ಬಂದರಿನಲ್ಲಿ. ಅಲ್ಲಿ ದೋಣಿಯಿಂದಲೇ ಮೀನು ತರುತ್ತಾರೆ, ಮೀನಿನ ಬೈಕು ಹೋಗುವುದೇ ಇಲ್ಲ. ನಾನು ಅಷ್ಟು ಹೇಳಿದ್ದರೆ ಅವನು ಉಳಿಯುತ್ತಿದ್ದ. ಅವನೂ ಹೇಳಲಿಲ್ಲ.

ಈಗಷ್ಟೇ ಫೋನ್ ಮಾಡಿದ್ದ. ಬೈಯುತ್ತಾನೆಂದು ಕಾದೆ.

"ಆತು, ಬಿಡು ಮಾರಾಯ," ಎಂದ. "ನಿಮ್ಮಲ್ಲಿ ಇವತ್ತು ಎಂತ ಮೀನು?"

"ಬಂಗಡೆ," ಎಂದೆ.