ಮೂರು ವರ್ಷದ ಹರಕೆಯ ಅಂಗಿ

ಒರೂರೊ,
ಸೆಪ್ಟೆಂಬರ್ 19

ಪ್ರೀತಿಯ ಬೆನೀತಾ ಅಕ್ಕನಿಗೆ,

ನಿನ್ನ ತಮ್ಮ ಎಲೂತೇರಿಯೊನ ನಮಸ್ಕಾರ. ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ತಾರಿಹಾದಲ್ಲಿ ಕೂತು ನನ್ನನ್ನು ಬೈಯುತ್ತಿರುತ್ತೀ. ಬೈಯಿ. ಸೂಜಿ ಹಿಡಿಯುವ ಕೈಗೆ ಪೆನ್ನು ಒಗ್ಗುವುದಿಲ್ಲ ಎಂಬ ನನ್ನ ಹಳೇ ಸಬೂಬು ನಿನ್ನ ಹತ್ತಿರ ನಡೆಯುವುದಿಲ್ಲ. ಮಂಡಿನೋವು ಹೇಗಿದೆ? ನೀನು ಕಳಿಸಿದ ಒಣಗಿದ ಪೀಚ್ ಹಣ್ಣು ಬಂತು.

ಆಗಸ್ಟಿನಲ್ಲಿ ನಮ್ಮೂರಿನವರು ಕಾರ್ನಿವಲ್ ಮಾಡಿದರಂತೆ, ತಲೆ ಕೆಟ್ಟಿದೆಯಾ ಎಂದು ಕೇಳಿದ್ದೀ. ಮಾಡಿದ್ದು ನಿಜ. ಫೆಬ್ರವರಿಯ ಹಬ್ಬವನ್ನು ಆಗಸ್ಟಿಗೆ ಎಳೆದು ತಂದವಳು ನಮ್ಮ ನೈರಾ.

ಮೊಮ್ಮಗಳಿಗೆ ರಕ್ತದ ಕಾಯಿಲೆ ಎಂದು ಹಿಂದೆ ಬರೆದಿದ್ದೆನಲ್ಲ. ಜುಲೈಯಲ್ಲಿ ಡಾಕ್ಟರು ನನ್ನನ್ನೂ ನನ್ನ ಮಗಳು ಸೆನೋಬಿಯಾಳನ್ನೂ ಹೊರಗೆ ಕರೆದು, "ಫೆಬ್ರವರಿವರೆಗೂ ಕಾಯ್ಬೇಡಿ. ಮಗೂಗೆ ಏನಿಷ್ಟಾನೋ ಈಗ್ಲೇ ಮಾಡ್ಬಿಡಿ" ಅಂದರು. ಅವಳಿಗೆ ಏನಿಷ್ಟ ಎಂದು ಕೇಳಬೇಕಾಗಿಯೇ ಇರಲಿಲ್ಲ. ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಹೊಲಿಗೆ ಮೇಜಿನ ಕೆಳಗೆ ಕೂತು, ಕಾರ್ನಿವಲ್ಲಿನ ದೆವ್ವಗಳ ವೇಷಕ್ಕೆ ಮಣಿ ಪೋಣಿಸುತ್ತಾ ಒಂದೇ ಜಪ: ದೆವ್ವಗಳ ಕುಣಿತದಲ್ಲಿ ತಾನು ದೇವದೂತ ಆಗಬೇಕು, ಸೀಟಿ ಊದಿ ಅವುಗಳನ್ನೆಲ್ಲ ಮಂಡಿಯೂರಿಸಬೇಕು.

ಕುಣಿತದ ತಂಡದ ನಾಯಕ ಕ್ರಿಸಾಂತೊನ ಬಳಿ ಹೋದೆ. "ಒಂದ್ ಹತ್ತು ದೆವ್ವ ಕೊಡಪ್ಪಾ, ಆಸ್ಪತ್ರೆ ಅಂಗಳದಲ್ಲಿ ಒಂದು ಸುತ್ತು ಕುಣಿದ್ರೆ ಸಾಕು" ಅಂದೆ.

"ಹತ್ತು ದೆವ್ವಕ್ಕೆಲ್ಲ ದೇವದೂತ ಯಾಕ್ ಮಾಸ್ಟ್ರೇ? ಅಷ್ಟನ್ನ ನಮ್ಮತ್ತೇನೇ ಓಡಿಸ್ತಾಳೆ" ಅಂದ. ತಂಡದ ಅಷ್ಟೂ ಜನರಿಗೆ ಹೇಳಿಕಳಿಸಿದ. ಹನ್ನೊಂದು ವರ್ಷದಿಂದ ಇವರ ಮುಖ ನೋಡದಿದ್ದ ಎದುರು ತಂಡದವರು ಕೇಳಿ ಉರಿದುಬಿದ್ದರು: "ನಮ್ ದೆವ್ವಗಳೇನು ಕಮ್ಮಿ ದೆವ್ವಗಳಾ? ನಮ್ಮನ್ಯಾಕೆ ಕರೀಲಿಲ್ಲ?" ಬ್ಯಾಂಡಿನವರು ಕರೆಯುವ ಮೊದಲೇ ಬಂದರು.

ಅದೇ ವಾರ ವ್ಯಾನ್ ಡ್ರೈವರುಗಳು ಮುಷ್ಕರ ಹೂಡಿ, ಊರ ದಾರಿಗಳಿಗೆಲ್ಲ ಕಲ್ಲು ಅಡ್ಡ ಹಾಕಿ ಕೂತಿದ್ದರು. ಅವರ ಮುಖಂಡ ತಾನೇ ಅಂಗಡಿಗೆ ಬಂದು ಟೋಪಿ ತೆಗೆದ. "ಹುಡುಗಿ ಯಾವ ದಾರೀಲಿ ಬರ್ತಾಳೆ ಹೇಳಿ ಮಾಸ್ಟ್ರೇ, ಅದನ್ನ ಬಿಡ್ತೀವಿ. ಆದ್ರೆ ಅವಳ ಹಿಂದೆ ಮಂತ್ರಿಗಳು ಯಾರಾದ್ರೂ ನುಸುಳಿದ್ರೆ ಸುಮ್ನಿರಲ್ಲ."

ಅಂಗಿ ನಾನೇ ಹೊಲಿದೆ, ನೀಲಿ ಸ್ಯಾಟಿನ್, ಬಿಳಿ ರೆಕ್ಕೆ. ಅಳತೆ ತೆಗೆಯುವಾಗ, "ತಾತಾ, ಹೊಲಿಗೆ ಒಳಗೆ ಬಟ್ಟೆ ಜಾಸ್ತಿ ಬಿಡು" ಅಂದಳು.

"ಯಾಕೇ?"

"ಮೂರು ವರ್ಷ ಕುಣೀಬೇಕಲ್ಲ? ಅಷ್ಟರಲ್ಲಿ ನಾನು ಬೆಳೀತೀನಿ."

ನಮ್ಮ ಚರ್ಚಿನ ಗಣಿಮಾತೆಗೆ ಈ ಕುಣಿತ ಕುಣಿಯುವವರು ಮೂರು ವರ್ಷದ ಹರಕೆ ಹೊರಬೇಕು, ನಡುವೆ ಬಿಡುವ ಹಾಗಿಲ್ಲ. ಊರಿಗೆ ಊರೇ ಓಡಾಡುವ ಭರದಲ್ಲಿ ನಾವು ಯಾರೂ ಅದನ್ನು ನೆನೆಸಿಕೊಂಡಿರಲಿಲ್ಲ. ಸೆನೋಬಿಯಾ ಎದ್ದು ಒಳಗೆ ಹೋದಳು. ನಾನು ನಾಲ್ಕು ಬೆರಳಗಲ ಬಟ್ಟೆ ಬಿಟ್ಟು ಹೊಲಿದೆ. ಹೊಲಿಯುವವನು ಬಾಯಿ ಮುಚ್ಚಿಕೊಂಡು ಹೊಲಿಯಬಾರದೇ? "ಹರಕೆ ಮುಗಿಯೋವರ್ಗೂ ಗಣಿಮಾತೆ ಯಾರನ್ನೂ ಕರ್ಕೊಂಡು ಹೋಗಲ್ಲ ಕಣೇ" ಎಂದುಬಿಟ್ಟೆ.

ಕುಣಿತದ ದಿನದ ಗಾಳಿಗೆ ನೀನಾಗಿದ್ದರೆ ಹೊರಗೆ ಕಾಲಿಡುತ್ತಿರಲಿಲ್ಲ. ನಾನೂರು ದೆವ್ವಗಳು, ಎರಡೂ ತಂಡದವು, ನೈರಾಳ ಗಾಲಿಕುರ್ಚಿಯ ಸುತ್ತ ಕೂಗುತ್ತಾ ಕುಣಿದವು. ಮಾರುಕಟ್ಟೆ ಹೆಂಗಸರು ಅಂಗಡಿ ಮುಚ್ಚಿ ಬಂದು ದಾರಿಗೆ ಹೂವಿನ ಪಕಳೆ ಎರಚಿದರು. ಚರ್ಚಿನ ಮುಂದೆ ನೈರಾ ಎದ್ದು ನಿಂತು ಸೀಟಿ ಬಾಯಿಗಿಟ್ಟಳು. ಉಸಿರು ಸಾಲಲಿಲ್ಲ. ಎರಡನೇ ಸಲವೂ ಇಲ್ಲ. ಬ್ಯಾಂಡು ತಾನಾಗಿ ನಿಂತಿತು. ಮೂರನೇ ಸಲ ಬರೀ ಗಾಳಿ ಬಂತು, ಅಷ್ಟೇ.

ಕ್ರಿಸಾಂತೊ ಕೊಂಬಿನ ಮುಖವಾಡದ ಸಮೇತ ದೊಪ್ಪನೆ ಮಂಡಿಯೂರಿದ. ಅವನ ಹಿಂದೆ ಬೀದಿ ತುಂಬ ಇದ್ದ ದೆವ್ವಗಳೆಲ್ಲ ಮಂಡಿಯೂರಿದವು.

"ತಾತಾ, ಅವ್ರಿಗೆ ಕೇಳಿಸ್ತು!" ಅಂದಳು. ಅಕ್ಕಾ, ನಾನು ಬೀದಿಯಲ್ಲಿ ನಿಂತು ಅತ್ತುಬಿಟ್ಟೆ.

ಚರ್ಚಿನೊಳಗೆ ಎತ್ತಿಕೊಳ್ಳಲು ಬಿಡಲಿಲ್ಲ, ಕುಣಿಯುವವರೆಲ್ಲರ ಹಾಗೆ ಗಣಿಮಾತೆಯ ಮುಂದಕ್ಕೆ ಮಂಡಿಯ ಮೇಲೇ ಹೋದಳು. ಪಾದ್ರಿ ಅಭ್ಯಾಸಬಲದಿಂದ, "ಎಷ್ಟು ವರ್ಷದ ಹರಕೆ ಮಗೂ?" ಎಂದು ಕೇಳಿ ತುಟಿ ಕಚ್ಚಿಕೊಂಡರು.

"ಮೂರು. ಇದು ಒಂದನೇದು" ಅಂದಳು.

ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೋ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಗಣಿಮಾತೆ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ಅವಳ ಮೇಲೆ ನನಗೆ ಸಿಟ್ಟಿದೆ, ಆದರೂ ನಿಮಗಾಗಿ ಕೇಳಿಕೊಳ್ಳುತ್ತೇನೆ.

ನಿನ್ನ ತಮ್ಮ,
ಎಲೂತೇರಿಯೊ

ತಾ.ಕ.: ಮೇಲೆ ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ಇದನ್ನು ಬರೆಯಲಾಗದೆ ಮೂರು ಕಾಗದ ಹರಿದು ಹಾಕಿದ್ದೇನೆ. ಕುಣಿತ ಆದ ಹತ್ತೊಂಬತ್ತನೇ ದಿನ ಬೆಳಿಗ್ಗೆ ನೈರಾ ಹೋದಳು. ಹಿಂದಿನ ದಿನ ನನ್ನ ಕೈ ಹಿಡಿದು, "ಇನ್ನೂ ಎರಡು ವರ್ಷ ಬಾಕಿ ಇದೆಯಲ್ಲ ತಾತಾ, ಅರ್ಧಕ್ಕೇ ಬಂದೆ ಅಂತ ಗಣಿಮಾತೆ ಬೈತಾಳಾ?" ಎಂದು ಕೇಳಿದಳು. ಧೈರ್ಯಕ್ಕೆಂದು ನಾನು ಹೇಳಿದ ಸುಳ್ಳು ಅವಳಿಗೆ ಹೆದರಿಕೆಯಾಗಿ ಕೂತಿತ್ತು, ಅಕ್ಕಾ. ಇದನ್ನು ಸೆನೋಬಿಯಾಗೂ ಹೇಳಿಲ್ಲ.

"ಬಾಕಿ ಎರಡು ನಾನು ಕುಣೀತೀನಿ ಬಿಡು" ಅಂದೆ.

"ನಿಂಗೆ ನನ್ನ ಅಂಗಿ ಆಗಲ್ಲ."

"ಒಳಗೆ ಬಟ್ಟೆ ಬಿಟ್ಟಿದ್ದೀನಲ್ಲ" ಅಂದೆ. ನಕ್ಕಳು.

ನಿನ್ನೆ ಹೊಲಿಗೆಯೆಲ್ಲ ಬಿಚ್ಚಿದೆ. ನಾಲ್ಕು ಬೆರಳು ಎಲ್ಲಿ ಸಾಲುತ್ತದೆ ನನಗೆ? ಆ ನೀಲಿ ಸ್ಯಾಟಿನ್ ಇಲ್ಲಿ ಮುಗಿದುಹೋಗಿದೆಯಂತೆ. ತಾರಿಹಾದಲ್ಲಿ ಸಿಕ್ಕರೆ ಎರಡು ಮೀಟರ್ ಕಳಿಸು. ಫೆಬ್ರವರಿಯೊಳಗೆ ಬೇಕು.