ಕಿವಿ ಮುಟ್ಟಿ ನೋಡಿದ ಜ್ವರ

ನವುಲೆ, ಶಿವಮೊಗ್ಗ
೯ ಮಾರ್ಚ್ ೨೦೨೫

ಪ್ರೀತಿಯ ಜಲಜತ್ತೆಗೆ ನಿಮ್ಮ ಮೈತ್ರಿಯ ನಮಸ್ಕಾರ.

ಗಣಪತಿ ಹಬ್ಬದ ನಂತರ ಭದ್ರಾವತಿ ಕಡೆ ತಲೆ ಹಾಕಿಲ್ಲ, ಫೋನಿಗೂ ಸಿಕ್ಕಿಲ್ಲ. ಬೈದುಕೊಳ್ಳುತ್ತಲೇ ಓದಿ. ದನದ ಡಾಕ್ಟರಾದ ಮೇಲೆ ನನಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ.

ನಮ್ಮ ಪ್ರಯೋಗದ ಕೊಟ್ಟಿಗೆಯಲ್ಲಿ ಹನ್ನೆರಡು ಹಸುಗಳಿಗೆ ಹೆಬ್ಬೆರಳು ಗಾತ್ರದ, ಬಿಸಿ ಅಳೆಯುವ ಒಂದೊಂದು ಗುಂಡು ನುಂಗಿಸಿದ್ದೇವೆ. ಅದು ಮೆಲುಕು ಹಾಕುವ ಹೊಟ್ಟೆಯಲ್ಲೇ ಕೂತು, ಹತ್ತು ನಿಮಿಷಕ್ಕೊಮ್ಮೆ ಒಳಗಿನ ಬಿಸಿ ಎಷ್ಟೆಂದು ನನ್ನ ಮೊಬೈಲಿಗೆ ಹೇಳುತ್ತದೆ. ಮೊದಲ ದಿನವೇ ಒಂದರ ಬಿಸಿ ಏಕಾಏಕಿ ಆರು ಡಿಗ್ರಿ ಇಳಿಯಿತು. ಸತ್ತೇ ಹೋಯಿತೆಂದು ಚಪ್ಪಲಿ ಬಿಟ್ಟು ಓಡಿದೆ. ಹಸು ನೋಡಿಕೊಳ್ಳುವ ಹುಚ್ಚಮ್ಮ ಸೊಂಟಕ್ಕೆ ಕೈಯಿಟ್ಟು, “ಒಂದ್ ಬಕೆಟ್ ನೀರ್ ಕುಡೀತು ಕಣಮ್ಮ. ಹೊಟ್ಟೆ ತಣ್ಣಗಾಗ್ದೆ ಇನ್ನೇನಾಗುತ್ತೆ?” ಎಂದರು. ನನ್ನ ಓದೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತು.

ಮೊನ್ನೆ ಮಾತ್ರ ಗುಂಡೇ ಗೆದ್ದಿತು. ಬೆಳಿಗ್ಗೆಯಿಂದ ತುಂಗಿ ಎಂಬ ಹಸುವಿನ ಬಿಸಿ ಏರುತ್ತಲೇ ಇತ್ತು. ಹುಚ್ಚಮ್ಮ ಎಂದಿನಂತೆ ಕಿವಿ ಹಿಡಿದು ನೋಡಿ, “ತಣ್ಣಗೈತೆ, ಮೇವೂ ತಿಂದೈತೆ. ನಿಮ್ ಮೊಬೈಲ್ಗೇ ಜ್ವರ” ಎಂದರು. ಥರ್ಮಾಮೀಟರ್ ಇಟ್ಟರೆ ನೂರೈದು ಡಿಗ್ರಿ ಜ್ವರ. ಹಾಲು ಪರೀಕ್ಷಿಸಿದರೆ ಕೆಚ್ಚಲು ಬಾವು ಆಗತಾನೇ ಶುರುವಾಗಿತ್ತು. ಕೂಡಲೇ ಔಷಧಿ ಕೊಟ್ಟೆವು. ಇವತ್ತು ತುಂಗಿ ನನ್ನ ದುಪಟ್ಟಾ ಜಗಿಯುತ್ತಿದ್ದಾಳೆ, ಅತ್ತೆ. “ಇನ್ಮೇಲೆ ನನ್ ಕೈ ನಂಬ್ಬೇಡಿ” ಎಂದು ಹುಚ್ಚಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮ ಕೆಂಪಿ ಸತ್ತ ಮೇಲೆ ಕೊಟ್ಟಿಗೆಯಲ್ಲಿ ಸೌದೆ ತುಂಬಿದ್ದೀರಂತೆ, ಶಿವಮೊಗ್ಗಕ್ಕೆ ಬಂದಿದ್ದ ಮಾವ ಹೇಳಿದರು. “ಹಬ್ಬದಲ್ಲಿ ಮಿಕ್ಕ ಅನ್ನ ಹಾಕಿ, ಹೊಟ್ಟೆ ಕೆಡಿಸಿ ನಾನೇ ಕೊಂದೆ, ಇನ್ನು ಈ ಕೈಯಲ್ಲಿ ಹಸು ಸಾಕೋದಿಲ್ಲ” ಅನ್ನುತ್ತೀರಂತೆ. ಸೌದೆ ತೆಗೆಸಿ. ನಿಮಗೆಂದು ಒಂದು ಕರು ನೋಡಿಟ್ಟಿದ್ದೇನೆ, ಹಣೆಯಲ್ಲಿ ಬಿಳಿ ಬೊಟ್ಟಿದೆ. ನೀವು ಹೂಂ ಅಂದರೆ ಬರುವ ಭಾನುವಾರ ನಾನೇ ಕರೆತರುತ್ತೇನೆ.

ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ
ಮೈತ್ರಿ

ಮತ್ತೆ: ಕೆಂಪಿಯನ್ನು ಕೊಂದದ್ದು ನಿಮ್ಮ ಅನ್ನವಲ್ಲ. ಅವಳಿಗೂ ಕೆಚ್ಚಲು ಬಾವೇ ಆಗಿತ್ತು. ನಾನು ಹೊರಡುವಾಗ ನೀವು ಬಾಟಲಿಯಲ್ಲಿ ಕೊಟ್ಟ ಅವಳ ಹಾಲನ್ನು ಆಮೇಲೆ ಪರೀಕ್ಷಿಸಿ ತಿಳಿದುಕೊಂಡೆ, ನಿಮಗೆ ಹೇಳುವ ಧೈರ್ಯ ಬರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ನೀವು “ಯಾಕೋ ಮಂಕಾಗಿದಾಳೆ, ಸ್ವಲ್ಪ ನೋಡೇ” ಅಂದಾಗ, ಬಸ್ಸಿನ ಅವಸರದಲ್ಲಿ ಕಿವಿ ಮುಟ್ಟಿ “ಜ್ವರ ಇಲ್ಲ ಅತ್ತೆ” ಅಂದು ಹೊರಟವಳು ನಾನು. ಥರ್ಮಾಮೀಟರ್ ಹೆಗಲ ಚೀಲದಲ್ಲೇ ಇತ್ತು.