ಏಳನೇ ನಂಬರಿನ ಕಾರು

ಅಕ್ಕನ ಮಗಳಿಗೆ ಮಾವನ ಆಶೀರ್ವಾದ.

ಈ ಭೂಮಿಯ ಮೇಲೆ ಮೊಟ್ಟಮೊದಲ ಕಾರ್ ರೇಸ್ ಗೆದ್ದವನು ನಾನೇ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಅದೊಂದೇ ಅಡ್ಡಿ.

ನಾನು ಕೊಂಡ ಹಳೆಯ ರೇಸ್ ಕಾರು ನಿನಗೆ ಗೊತ್ತಲ್ಲ. ಹಳೇ ಕಾರಿನ ಹುಚ್ಚು ಹಿಡಿದವರು ಮೂಲ ಬಣ್ಣಕ್ಕೆ ನೀರೂ ಸೋಕಿಸುವುದಿಲ್ಲ, ತೊಳೆದರೆ ಬೆಲೆ ಹೋಯಿತು ಅನ್ನುತ್ತಾರೆ. ಹಾಗಾಗಿ ಎರಡು ವರ್ಷ ಅದರ ಧೂಳಿಗೂ ಮರ್ಯಾದೆ ಕೊಟ್ಟೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ, ಬಾಗಿಲ ಮೇಲಿನ ಏಳನೇ ನಂಬರು ಅದೃಷ್ಟವೆಂದೇ ಕಂಡಿತ್ತು.

ಮೊನ್ನೆ ನಿಮ್ಮತ್ತೆ ನನ್ನನ್ನು ಖುಷಿಪಡಿಸಲೆಂದು ಬಣ್ಣ ಕರಗಿಸುವ ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಬಾಗಿಲು ಒರೆಸಿದಳು. ನಂಬರು ಅಳಿಸಿ ಬಟ್ಟೆಗೆ ಬಂತು. ಅಡಿಯಲ್ಲಿ ಹಳೆಯ ಅಕ್ಷರಗಳು ಕಂಡವು: 'ಬಿಸಿ ಬ್ರೆಡ್, ಮನೆ ಬಾಗಿಲಿಗೆ.'

"ರೀ, ನಿಮ್ಮ ರೇಸ್ ಕಾರು ಬ್ರೆಡ್ ಮಾರ್ತಿತ್ತಾ?" ಅಂದಳು.

"ಬಿಸಿ ಆರೋದ್ರೊಳಗೆ ತಲುಪಿಸ್ಬೇಕಲ್ಲೇ, ಅದೂ ರೇಸೇ," ಅಂದೆ. ಅವಳು ನಗಲಿಲ್ಲ.

ಸಾಕಾಗಿದೆ ಮಗಳೇ. ಗ್ಯಾರೇಜಿನಲ್ಲಿ ರಿಪೇರಿಗೆಂದು ಗಾಡಿಯ ಕೆಳಗೆ ಮಲಗಿದರೆ ಏಳಲು ಮನಸ್ಸೇ ಬರುವುದಿಲ್ಲ. ಭಾನುವಾರ ಈ ಕಾರು ಒಯ್ಯಲು ಗುಜರಿಯವನು ಬರುತ್ತಾನೆ. ನೀನೂ ಬಾ, ಚೌಕಾಶಿ ಈಗ ನನ್ನಿಂದಾಗದು.

ಹೊಲಿಗೆ ಅಂಗಡಿಗೆಂದು ಕೂಡಿಟ್ಟು ನನ್ನ ಕೈಗೆ ಕೊಟ್ಟ ನಿನ್ನ ಹಣ ಬ್ಯಾಂಕಿನಲ್ಲಿ ಭದ್ರವಾಗಿದೆ ಅಂದಿದ್ದೆ. ಅದೂ ಈ ಕಾರಿಗೇ ಹೋಯಿತು. ಮನೆಯವರಿಗೆಲ್ಲ ನಲವತ್ತು ಸಾವಿರ ಕಳಕೊಂಡೆ ಅಂದಿದ್ದೇನೆ. ನಿಜವಾಗಿ ಕಳಕೊಂಡದ್ದು ಮೂರು ಲಕ್ಷ ಅರವತ್ತು ಸಾವಿರ. ಅದರಲ್ಲಿ ನಿನ್ನದೇ ಒಂದು ಲಕ್ಷ ಹತ್ತು ಸಾವಿರ.

ಇತಿ,
ನಿನ್ನ ಮಾವ